ನಮ್ಮ ಮನೆಯ ವಾತಾವರಣ

ಮೊನ್ನೆ ಒಂದು ಕಾಲೇಜಿನವರು ಫೋನ್ ಮಾಡಿ, ಹೊಸದಾಗಿ ಸೇರಿದ ಮೊದಲ ವರ್ಷದ ಮಕ್ಕಳಿಗೆ ಬಂದು ನಾಲ್ಕು ಮಾತು ಹೇಳಬೇಕು ಎಂದರು. ವಿಷಯ ಏನೆಂದು ಕೇಳಿದೆ. 'ಕಾಲೇಜು ಜೀವನಕ್ಕೆ ಹೊಂದಿಕೊಳ್ಳುವುದು ಹೇಗೆ' ಎಂದರು. ಆಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಅರ್ಧ ದಿನ ಮೈಯೆಲ್ಲ ಉರಿಯುತ್ತಿತ್ತು. ಹೊಂದಿಕೊಳ್ಳುವುದಂತೆ! ಹಳ್ಳಿಯಿಂದ ಬಂದ ಹುಡುಗಿ ಹೊಂದಿಕೊಳ್ಳಬೇಕು, ಕಟ್ಟಡ ಹೊಂದಿಕೊಳ್ಳುವುದಿಲ್ಲ, ವಾರ್ಡನ್ ಹೊಂದಿಕೊಳ್ಳುವುದಿಲ್ಲ, ಮೇಷ್ಟರು ಹೊಂದಿಕೊಳ್ಳುವುದಿಲ್ಲ. ಆ ಕಲೆ ನನಗೆ ಗೊತ್ತಿಲ್ಲದ್ದೇನಲ್ಲ. ನನ್ನಷ್ಟು ಚೆನ್ನಾಗಿ ಹೊಂದಿಕೊಂಡವರು ಆ ವರ್ಷ ಚಿಕ್ಕೋಡಿಯ ಆ ಹಾಸ್ಟೆಲಿನಲ್ಲಿ ಇನ್ನೊಬ್ಬರಿರಲಿಲ್ಲ. ಎರಡೇ ತಿಂಗಳು ಸಾಕಾಯಿತು, ಹೆತ್ತ ತಾಯಿಯ ಮುಖಕ್ಕೆ ಮುಖ ಕೊಟ್ಟು ಸುಳ್ಳು ಓದುವಷ್ಟು ಹೊಂದಿಕೊಂಡಿದ್ದೆ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯನ್ನು ಹೇಳಬೇಕು.

ಅಕ್ಕೋಳದ ನಮ್ಮ ಮನೆಗೆ ಇದ್ದದ್ದು ಎರಡು ಕೋಣೆ. ಹಿಂದಿನದರಲ್ಲಿ ಒಲೆ, ನೀರಿನ ಕೊಡಗಳು, ಒಂದರ ಮೇಲೊಂದು ಪೇರಿಸಿಟ್ಟ ಟ್ರಂಕುಗಳು. ಮುಂದಿನದರಲ್ಲಿ ಬೀಡಿ. ಅಪ್ಪ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಮನೆಯಲ್ಲಿ ನನ್ನ ತಾಯಿ, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು, ಮತ್ತು ಅಪ್ಪನ ತಮ್ಮನ ಹೆಂಡತಿ ಕಾಕು, ಇಬ್ಬರೂ ಬೆಳಗಿನ ಕೆಲಸ ಮುಗಿಸಿದವರೇ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತಲು ಕೂರುತ್ತಿದ್ದರು. ಹಿಂದಿನ ದಿನವೇ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಎಲೆಗಳನ್ನು ತಗಡಿನ ಅಳತೆ ಇಟ್ಟು ಕತ್ತರಿಸಿ ಕೊಡುವುದು ನನ್ನ ಕೆಲಸ. ಮೊರದ ಅಂಚಿಗೆ ಪುಸ್ತಕ ಸಿಕ್ಕಿಸಿಕೊಂಡು ಕತ್ತರಿಸುತ್ತಲೇ ಓದುತ್ತಿದ್ದೆ. ಕಿಟಕಿ ಇಲ್ಲದ ಕೋಣೆಯಾದ್ದರಿಂದ ಬೆಳಕೆಲ್ಲ ಬಾಗಿಲಿನಿಂದಲೇ ಬರಬೇಕು. ಬಾಗಿಲ ಪಕ್ಕದ ಆ ಜಾಗಕ್ಕಾಗಿ ಇಬ್ಬರಿಗೂ ದಿನಾ ಜಗಳ.

"ನಿನ್ನಿ ನೀನ ಕುಂತಿದ್ದಿ ಬಾಗಲ್ದಾಗ. ಇವತ್ತ ಆಚಿ ಸರಿ."

"ನನ್ನ ಕಣ್ಣ ಮಂದ ಆಗ್ಯಾವ ಅಕ್ಕಾ. ನಿಮ್ದೇನ, ಹರೇದ ಕಣ್ಣ."

"ಮಂದ ಆಗಿದ್ರ ಓಣ್ಯಾಗ ಯಾರ ಮನಿಗಿ ಯಾರ ಬಂದ್ರು ಅನ್ನೂದ ಹ್ಯಾಂಗ ಕಾಣತೈತಿ ನಿಂಗ?"

ಈ ಮಾತಿಗೆ ಕಾಕು ತಾನೇ ಮೊದಲು ನಕ್ಕುಬಿಡುತ್ತಿದ್ದಳು, ಜಾಗ ಮಾತ್ರ ಬಿಡುತ್ತಿರಲಿಲ್ಲ. ಅಡುಗೆಗೆ ಏಳುವ ಮುಂಚೆ ಆಯಿ ಕೈಯನ್ನು ಬೂದಿಯಿಂದ ಒಮ್ಮೆ, ನಿಂಬೆಸಿಪ್ಪೆಯಿಂದ ಒಮ್ಮೆ ತಿಕ್ಕಿ ತೊಳೆದು ಮೂಸಿ ನೋಡಿ, ಇನ್ನೊಮ್ಮೆ ತೊಳೆದು ರೊಟ್ಟಿಹಿಟ್ಟಿಗೆ ಕೈ ಹಾಕುತ್ತಿದ್ದಳು. ಹೊರಗಿನವರು ತಿಂದರೆ ನಾಲಿಗೆಯ ತುದಿಗೆ ಏನೋ ಕಹಿ ಎನ್ನುತ್ತಿದ್ದರು. ನಮಗೆ ಅದು ರೊಟ್ಟಿಯ ರುಚಿ. ನಮ್ಮ ಮನೆಗೆ ಒಂದು ವಾಸನೆ ಇದೆ ಎಂಬುದು ಕೂಡ ನಮಗೆ ಗೊತ್ತಿರಲಿಲ್ಲ. ಶೇಡಬಾಳಕ್ಕೆ ಕೊಟ್ಟಿದ್ದ ಸೋದರತ್ತೆ ಬಂದರೆ ಹೊಸ್ತಿಲಲ್ಲೇ ನಿಂತು ಸಾಲಾಗಿ ಐದಾರು ಸಲ ಸೀನುತ್ತಿದ್ದಳು. ಒಳಗಿದ್ದ ಆಯಿ ತಲೆ ಎತ್ತದೆ "ಬಂದ್ಲ ನೋಡ ನಿಮ್ಮತ್ತಿ, ಚಹಾಕ್ಕ ಇಡು" ಎನ್ನುತ್ತಿದ್ದಳು. ಸೀನುವುದು ನೆಂಟರ ಗುಣ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ತಂಬಾಕು ಸೋಸಿ ಉಳಿದ ಕಡ್ಡಿಯನ್ನು ನಮ್ಮ ಓಣಿಯಲ್ಲಿ ಯಾರೂ ಎಸೆಯುತ್ತಿರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಬಟ್ಟೆಯ ನಡುವೆ ಇಡುತ್ತಿದ್ದರು. ಕೌದಿಯ ಮಡಿಕೆಯಲ್ಲಿ ಒಂದು ಗಂಟು, ರೇಷ್ಮೆ ಸೀರೆಯ ಕೆಳಗೆ ಒಂದು, ನನ್ನ ಹಳೆಯ ಪುಸ್ತಕಗಳ ಗೋಣಿಯಲ್ಲಿ ಒಂದು. ಹುಳ ಹತ್ತಿರ ಸುಳಿಯುವುದಿಲ್ಲ. ಮದುವೆಯಾಗಿ ಹೋಗುವ ಹುಡುಗಿಯ ಟ್ರಂಕಿನ ತಳದಲ್ಲಿ ಆ ಗಂಟು ಇಲ್ಲದಿದ್ದರೆ ತವರಿನವರಿಗೆ ಅಕ್ಕರೆ ಇಲ್ಲ ಎಂದು ಆಡಿಕೊಳ್ಳುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಆಯಿಯ ತವರು ಗಡಿಯಾಚೆಯ ಮರಾಠಿ ಹಳ್ಳಿ. ಅಲ್ಲಿ ಅವಳು ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಮರಾಠಿ ಪೇಪರು ಹಿಡಿದು ಕಾಕುವಿಗೂ ಅಕ್ಕಪಕ್ಕದವರಿಗೂ ಜೋರಾಗಿ ಓದಿ ಹೇಳುತ್ತಿದ್ದಳು, ನಡುನಡುವೆ ಮಂತ್ರಿಗಳನ್ನು ಬೈಯುತ್ತಿದ್ದಳು. ಓಣಿಗೆಲ್ಲ ಓದಿದ ಹೆಂಗಸು ಅವಳು. ಅದೇ ಹೆಂಗಸು ಕನ್ನಡದ ಕಾಗದ ಕೈಗೆ ಬಂದ ಕೂಡಲೇ ಏನೂ ಓದದವಳಾಗಿಬಿಡುತ್ತಿದ್ದಳು. ಕನ್ನಡ ಮಾತಾಡುತ್ತಿದ್ದಳು, ಜಗಳ ಆಡುವಷ್ಟು ಚೆನ್ನಾಗಿ, ಆದರೆ ಅಕ್ಷರ ಬಾರದು. ಬಸ್ಸಿನ ಬೋರ್ಡು, ರೇಷನ್ ಚೀಟಿ, ಆಸ್ಪತ್ರೆಯ ಕಾಗದ ಎಲ್ಲವೂ ನನ್ನ ಕೈಗೆ. ಮೂರನೆಯ ತರಗತಿಯಿಂದ ಅವಳಿಗೆ ಕನ್ನಡ ಓದಿ ಹೇಳುವವಳು ನಾನೇ. "ನಮ್ಮ ಛಾಯಾ ಓದಿ ಹೇಳ್ಯಾಳಂದ್ರ ಮುಗೀತ" ಎನ್ನುತ್ತಿದ್ದಳು, ನನ್ನೆದುರಿಗೇ ಬೇರೆಯವರಿಗೆ. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ.

ಪಿಯುಸಿ ಮುಗಿದು ಡಿಗ್ರಿಗೆ ಚಿಕ್ಕೋಡಿಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಅಪ್ಪ ಒಂದೇ ಷರತ್ತು ಹಾಕಿದ. ದಿನಾ ಎರಡೆರಡು ಬಸ್ಸು ಹತ್ತಿ ಇಳಿದು ಹುಡುಗಿ ತಿರುಗಾಡುವುದು ಬೇಡ. ಹಾಸ್ಟೆಲ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಮೊರ. ಹಾಸ್ಟೆಲ್ ಸಿಕ್ಕಿತು. ಹಿಂದಿನ ಕೋಣೆಯ ಟ್ರಂಕುಗಳಲ್ಲಿ ಚಲೋ ಇದ್ದದ್ದನ್ನು ಆಯಿ ಖಾಲಿ ಮಾಡಿ, ಬೂದಿ ಹಚ್ಚಿ ಉಜ್ಜಿ, ನನ್ನ ಬಟ್ಟೆಗಳನ್ನು ತಾನೇ ಮಡಚಿ ತುಂಬಿದಳು. ನಾನು ಅತ್ತ ನೋಡಲೂ ಇಲ್ಲ.

ಹಾಸ್ಟೆಲಿನಲ್ಲಿ ಮೊದಲ ದಿನವೇ ವಾರ್ಡನ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ "ಇಲ್ಲಿ ಹೊಂದಕೊಂಡ ಹೋಗಬೇಕು" ಎಂದರು. ಐವತ್ತರ ಆಸುಪಾಸಿನ ಹೆಂಗಸು, ಯಾವಾಗಲೂ ಗಂಜಿ ಹಾಕಿದ ಸೀರೆ. ಯಾವುದಕ್ಕೆ ಹೊಂದಿಕೊಳ್ಳಬೇಕು ಎಂದು ಅವರು ಹೇಳಲಿಲ್ಲ, ನಾವೇ ಕಂಡುಕೊಳ್ಳಬೇಕಿತ್ತು. ನಾನು ಬೇಗ ಕಂಡುಕೊಂಡೆ. ನನ್ನ ಕೋಣೆಯಲ್ಲಿದ್ದ ರಾಯಬಾಗದ ಸುಜಾತಾ ನಾನು ಹೊದಿಕೆ ಕೊಡವಿದ ಕೂಡಲೇ ಸೀನಿದಳು. ಮರುದಿನವೂ ಸೀನಿದಳು. ಪಾಪ, ಅವಳೇನೂ ಕೆಟ್ಟವಳಲ್ಲ, "ನಿನ್ನ ಚಾದರದಾಗ ಏನೈತಿ?" ಎಂದು ಸುಮ್ಮನೆ ಕೇಳಿದಳು. ಆದರೆ ಪಕ್ಕದ ಕೋಣೆಯವರು ಮೂಗಿಗೆ ಓಢಣಿ ಹಿಡಿದು ನಕ್ಕರು. ಆ ವಾರದಲ್ಲೇ ನನ್ನ ಹೊದಿಕೆಯನ್ನು ಮೂರು ಸಲ ಒಗೆದೆ. ಎಲೆ ಹಿಡಿದು ಹಿಡಿದು ಕಪ್ಪಾಗಿದ್ದ ಹೆಬ್ಬೆರಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡೆ. ತರಗತಿಯಲ್ಲಿ ಮೇಷ್ಟರೊಬ್ಬರು ಎಲ್ಲರನ್ನೂ ನಿಲ್ಲಿಸಿ ತಂದೆಯ ಉದ್ಯೋಗ ಕೇಳಿದರು. ಪಾಠಕ್ಕೂ ಅದಕ್ಕೂ ಏನು ಸಂಬಂಧವೋ ಆ ದೇವರೇ ಬಲ್ಲ. "ನಿಪ್ಪಾಣಿಯಲ್ಲಿ ವ್ಯಾಪಾರ" ಎಂದೆ. ತಾಯಿ? "ಮನೆಯಲ್ಲೇ ಇರ್ತಾರೆ." ಅದು ಸುಳ್ಳೂ ಅಲ್ಲ ನೋಡಿ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಮನೆಯಲ್ಲೇ ಇರುತ್ತಿದ್ದಳು. ರವಿವಾರ ಊರಿಗೆ ಹೋದರೆ ಬಟ್ಟೆಗೆ ಮತ್ತೆ ವಾಸನೆ ಹತ್ತುತ್ತದೆ ಎಂದು ಓದುವ ನೆಪ ಹೇಳಿ ಹೋಗುವುದನ್ನೇ ಬಿಟ್ಟೆ.

ಶನಿವಾರ ವಾರ್ಡನ್ ಕೋಣೆಗಳನ್ನು ಪರೀಕ್ಷೆ ಮಾಡುತ್ತಿದ್ದರು. ಹದಿನೆಂಟು ದಾಟಿದ ಹೆಣ್ಣುಮಕ್ಕಳ ಒಳಬಟ್ಟೆಯನ್ನೂ ಕೋಲಿನಿಂದ ಎತ್ತಿ ನೋಡುವ ಪರೀಕ್ಷೆ ಅದು. ಈಗ ನೆನೆದರೂ ನನಗೆ ಕೋಪ ತಡೆಯುವುದಿಲ್ಲ. ಎರಡನೆಯ ತಿಂಗಳಿನ ಒಂದು ಶನಿವಾರ ನನ್ನ ಟ್ರಂಕಿನ ತಳದಿಂದ ಸೀರೆಯ ತುಂಡಿನ ಗಂಟೊಂದು ಕೋಲಿಗೆ ಸಿಕ್ಕಿ ಮೇಲೆ ಬಂತು. ಬಿಚ್ಚಿದರು. ತಂಬಾಕಿನ ಕಡ್ಡಿ. ಬಾಗಿಲಲ್ಲಿ ಹತ್ತು ಹುಡುಗಿಯರು ನಿಂತಿದ್ದರು.

"ಏನಿದು?"

"ಗೊತ್ತಿಲ್ರಿ."

"ನಿನ್ನ ಟ್ರಂಕಿನ್ಯಾಗ ಐತಿ, ನಿನಗ ಗೊತ್ತಿಲ್ಲ?"

"ಗೊತ್ತಿಲ್ರಿ ಮೇಡಂ."

ಹುಳ ಬೀಳದಿರಲಿ ಎಂದು ನಮ್ಮಾಯಿ ಇಟ್ಟಿದ್ದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಗನ್ನಬೇಕಾದರೆ ನಮ್ಮ ಮನೆಯಲ್ಲಿ ತಂಬಾಕು ಯಾಕಿರುತ್ತದೆ ಎಂಬುದನ್ನೂ ಹೇಳಬೇಕು. ಆಗ ವ್ಯಾಪಾರಿಯ ಮಗಳು ಎಲ್ಲಿ ಉಳಿಯುತ್ತಾಳೆ? ಗೊತ್ತಿಲ್ಲ ಎಂದದ್ದರಿಂದ ನಾನು ಕದ್ದುಮುಚ್ಚಿ ತಂಬಾಕು ಜಗಿಯುವವಳೆಂದು ತೀರ್ಮಾನವಾಯಿತು. ವಾರ್ಡನ್ ತಮ್ಮ ಕೋಣೆಗೆ ಕರೆದು ನನ್ನ ಕೈಯಿಂದಲೇ ಒಂದು ಕಾಗದ ಬರೆಸಿದರು, ಪಾಲಕರ ಹೆಸರಿನಲ್ಲಿ. "ನನ್ನ ಮಗಳಿಗೆ ತಂಬಾಕು ಸೇವನೆಯ ಚಟವಿದ್ದು, ಅದು ನಮ್ಮ ಮನೆಯ ವಾತಾವರಣದಿಂದ ಬಂದದ್ದೆಂದು ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ." ತಾಯಿಯನ್ನೋ ತಂದೆಯನ್ನೋ ಕರೆಸಿ ಇದಕ್ಕೆ ಸಹಿ ಹಾಕಿಸಿದರೆ ಹಾಸ್ಟೆಲಿನ ಸೀಟು ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟು ಎಂದರು. ನಮ್ಮ ಮನೆಯನ್ನು ಅವರು ಕಣ್ಣಿನಿಂದಲೂ ನೋಡಿರಲಿಲ್ಲ. ಅದರ ವಾತಾವರಣ ಮಾತ್ರ ಪೂರ್ತಿ ತಿಳಿದಿತ್ತು! ಸಿಟ್ಟು ಬರಬೇಕಿತ್ತು. ನನಗಾಗ ಬಂದದ್ದು ಸಮಾಧಾನ, ಸೀಟು ಉಳಿಯುತ್ತದಲ್ಲ ಎಂದು. ಒಂದೂ ತಪ್ಪಿಲ್ಲದೆ ದುಂಡಗೆ ಬರೆದುಕೊಟ್ಟೆ.

ಸೋಮವಾರ ಆಯಿ ಬಂದಳು. ಮದುವೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಮಗಳ ಕಾಲೇಜಿನಿಂದ ಕರೆ ಬಂದಿದೆ ಎಂದು ಓಣಿಗೆಲ್ಲ ಹೇಳಿ ಬಂದಿದ್ದಳು. ಗೇಟಿನಲ್ಲೇ ನನ್ನ ಕೆನ್ನೆ ಹಿಡಿದು "ಸೊರಗೀದಿ, ಹೊಟ್ಟಿತುಂಬ ಹಾಕೂದಿಲ್ಲೇನ ಇವ್ರು?" ಎಂದಳು. ನಾನು ಅವಳ ಕೈ ಬಿಡಿಸಿಕೊಂಡು, ಯಾರಾದರೂ ನೋಡುತ್ತಾರೆಂದು ಬೇಗ ಬೇಗ ವಾರ್ಡನ್ ಕೋಣೆಗೆ ಕರೆದುಕೊಂಡು ಹೋದೆ. ವಾರ್ಡನ್ ಕಾಗದವನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿ ಎಂದು ಹೇಳಿ, ಯಾವುದೋ ಫೋನು ಬಂತೆಂದು ಬಾಗಿಲಾಚೆ ಹೋದರು. ಆಯಿ ಕಾಗದವನ್ನು ನನ್ನ ಕಡೆಗೆ ಸರಿಸಿದಳು, ಹತ್ತು ವರ್ಷದ ರೂಢಿಯಂತೆ.

"ಏನ ಬರದೈತಿ, ಓದ."

ನಾನು ಓದಿದೆ. ಸಾಲಿನ ಮೇಲೆ ಬೆರಳು ಆಡಿಸುತ್ತ, ಓದುವ ಧಾಟಿಯಲ್ಲೇ ಓದಿದೆ. "ನನ್ನ ಮಗಳು ಹಾಸ್ಟೆಲಿನ ನಿಯಮಗಳನ್ನು ಪಾಲಿಸಿ, ಚೆನ್ನಾಗಿ ಓದುತ್ತಾಳೆಂದು ಒಪ್ಪಿಕೊಳ್ಳುತ್ತೇನೆ." ಇಷ್ಟೇನಾ ಎಂದು ಆಯಿ ಕೇಳಿದಳು. ಇಷ್ಟೇ ಎಂದೆ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು, ತಲೆ ಸ್ವಲ್ಪ ವಾರೆ ಮಾಡಿ, ಮರಾಠಿಯಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಆ ಸಹಿಯ ಬಗ್ಗೆ ಅವಳಿಗೆ ಬಹಳ ಅಭಿಮಾನ. ಓಣಿಯ ಉಳಿದ ಹೆಂಗಸರೆಲ್ಲ ಹೆಬ್ಬೆಟ್ಟಿನವರು.

ವಾರ್ಡನ್ ಒಳಗೆ ಬಂದು ಸಹಿ ನೋಡಿ "ಮರಾಠಿನಾ?" ಎಂದು ಮೂಗು ಮುರಿದರು. ಆಯಿಗೆ ಅದು ಕೇಳಿಸಲಿಲ್ಲ. ಕಾಗದ ಇಡಲು ತೆರೆದ ಕಪಾಟಿನ ಕಡೆಗೆ ಅವಳ ಗಮನ ಹೋಗಿತ್ತು. ಮೇಲಿನ ಹಲಗೆಯಲ್ಲಿ ವಾರ್ಡನ್ನರ ಸೀರೆಗಳು, ನಡುವೆ ಬಿಳಿಯ ನುಸಿಗುಳಿಗೆಗಳು. ಒಂದು ಒಳ್ಳೆಯ ರೇಷ್ಮೆ ಸೀರೆಯ ಅಂಚಿನಲ್ಲಿ ಸಾಲಾಗಿ ತೂತು ಬಿದ್ದಿದ್ದವು. ಆಯಿಯ ಜೀವ ಚುರುಕ್ ಎಂದಿರಬೇಕು.

"ಅಯ್ಯ ಬಾಯಿ, ಎಂಥಾ ಸೀರಿ ಕೆಟ್ಟ ಹೋತಲ್ರಿ! ಈ ಬಿಳಿ ಗುಳಿಗಿಗೆ ಹುಳ ಕೇಳಂಗಿಲ್ರಿ. ತಂಬಾಕಿನ ಕಡ್ಡಿ ಇಡ್ರಿ. ಛಾಯಾನ ಟ್ರಂಕಿನ್ಯಾಗೂ ಇಟ್ಟ ಕಳಿಸೇನಿ ನೋಡ್ರಿ, ಒಂದ ಎಳಿ ಹರದಿಲ್ಲ. ನಾವು ಬೀಡಿ ಕಟ್ಟೂ ಮಂದಿ, ನಮ್ಮಲ್ಲಿ ಬೇಕಾದಷ್ಟ ಕಡ್ಡಿ ಬೀಳತೈತಿ. ಬರೂ ವಾರ ನಿಮಗೂ ಒಂದ ಗಂಟ ಕಳಸ್ತೀನಿ."

ವಾರ್ಡನ್ ಕೈ ಕಪಾಟಿನ ಮೇಲೆ ನಿಂತುಬಿಟ್ಟಿತು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಈಗಲಾದರೂ ಆ ಕಾಗದ ಹರಿದು ಹಾಕುತ್ತಾರೆ ಎಂದುಕೊಂಡೆ. ಸತ್ಯ ತಾನಾಗಿ ನಡೆದು ಬಂದು ಅವರ ಎದುರಿಗೆ ನಿಂತಿತ್ತು, ಅವರೇನೂ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಆದರೆ ಅವರಿಗೆ ಸತ್ಯಕ್ಕಿಂತ ತಾವು ತಪ್ಪಿದ್ದು ಕಾಣಬಾರದೆಂಬುದು ಮುಖ್ಯವಾಯಿತು. "ಈಗ ಹಿಂಗ ಅಂತೀರಿ. ಮತ್ತ ಮಗಳಿಗೆ ತಂಬಾಕಿನ ಚಟ ಐತಿ ಅಂತ ಈ ಕಾಗದಕ್ಕ ಸೈ ಹ್ಯಾಂಗ ಹಾಕಿದ್ರಿ?" ಎಂದರು.

ಆಯಿ ಅರ್ಥವಾಗದೆ ನಕ್ಕಳು. ಆಮೇಲೆ ನಗು ನಿಂತಿತು.

"ಓದ್ರಿ ಅದನ್ನ."

"ನಿಮ್ಮ ಮಗಳ ಓದಿ ಹೇಳಿಲ್ಲೇನು?"

"ನೀವ ಓದ್ರಿ. ನೀವ ಬರಸೀರಿ, ನೀವ ಓದ್ರಿ."

ವಾರ್ಡನ್ ಓದಬೇಕಾಯಿತು. ಬರೆಸುವಾಗ ಅಷ್ಟು ಖಡಕ್ಕಾಗಿದ್ದ ಧ್ವನಿ 'ನಮ್ಮ ಮನೆಯ ವಾತಾವರಣದಿಂದ' ಎಂಬಲ್ಲಿಗೆ ಬರುವಾಗ ತಗ್ಗಿತು. ಆಯಿ ಪೂರ್ತಿ ಕೇಳಿಸಿಕೊಂಡಳು. ಮೇಜಿನ ಮೇಲಿನ ಪೆನ್ನು ತಗೊಂಡು ತನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು, ಒಂದೂ ಅಕ್ಷರ ಕಾಣದಂತೆ ಮತ್ತೆ ಮತ್ತೆ ಎಳೆದಳು.

"ನನ್ನ ಮನಿ ಬಗ್ಗೆ ನನ್ನ ಕೈಯಿಂದ ಸುಳ್ಳ ಬರಸಬ್ಯಾಡ್ರಿ. ನಿಮ್ಮ ಸೀಟ ನಿಮ್ಮ ಹಂತ್ಯಾಕ ಇರ್ಲಿ. ಛಾಯಾ, ಟ್ರಂಕ ತಗೋ."

ಬಸ್ಸಿನಲ್ಲಿ ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ ಕೂತೆವು. ನನಗೆ ಆಯಿಯ ಮೇಲೆ ಅಸಾಧ್ಯ ಸಿಟ್ಟು ಬಂದಿತ್ತು. ಒಂದು ಸಹಿ ಇದ್ದಿದ್ದರೆ ಏನಾಗುತ್ತಿತ್ತು, ಯಾರು ನೋಡುತ್ತಿದ್ದರು, ನನ್ನ ಓದು ಹಾಳಾಯಿತಲ್ಲ! ಆ ಹುಚ್ಚು ವಾದವನ್ನು ಅವಳ ಮುಂದೆ ಆಡಿಯೂ ಬಿಟ್ಟೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಅಕ್ಕೋಳದ ಬಸ್ಸಿಗೆ ಕಾಯುವಾಗ ಒಮ್ಮೆ ಮಾತ್ರ ಮಾತಾಡಿದಳು.

"ಅಕಿಗಿ ಬರಸಾಕ ಅಧಿಕಾರ ಐತಿ, ಸುಳ್ಳ ಬರಸಿದ್ಲು. ನಿಂಗ ಓದಾಕ ಬರತೈತಿ, ಸುಳ್ಳ ಓದಿದಿ. ನಿಮ್ಮಿಬ್ಬರಾಗ ನಾ ಯಾರಿಗಿ ಹೆಚ್ಚ ಬೈಲಿ, ಹೇಳ?"

ಮನೆಯಲ್ಲಿ ಅಪ್ಪ ತನ್ನ ಷರತ್ತು ನೆನಪಿಸಿದ. ಹಾಸ್ಟೆಲ್ ಇಲ್ಲ ಅಂದರೆ ಕಾಲೇಜೂ ಇಲ್ಲ. ಕಾಕು ನನಗಾಗಿ ಒಂದು ಮೊರವನ್ನೂ ಒರೆಸಿಟ್ಟಳು, ಪಾಪ, ಬಾಗಿಲ ಪಕ್ಕದ ಜಾಗವನ್ನೇ ಬಿಟ್ಟುಕೊಟ್ಟು. ಆಯಿ ಮೊರ ಎತ್ತಿ ಗೋಡೆಗೆ ನಿಲ್ಲಿಸಿದಳು. "ಅಕಿ ಹೋಗ್ತಾಳ. ನಾ ಬಸ್ಸಿಗಿ ಹತ್ತಸ್ತೀನಿ" ಎಂದು ಅಪ್ಪನಿಗೆ ಹೇಳಿದಳು. ಆ ವರ್ಷ ಪೂರ್ತಿ ಬೆಳಗಿನ ಮೊದಲ ಬಸ್ಸಿಗೆ ನನ್ನ ಜೊತೆ ನಡೆದು ಬಂದು ಹತ್ತಿಸಿದಳು. ನಿಪ್ಪಾಣಿಯ ಬಸ್ಸು ತಡವಾದ ದಿನ ಮೊದಲ ಪಾಠ ತಪ್ಪುತ್ತಿತ್ತು, ಮೇಷ್ಟರು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು, ನನ್ನ ಓಢಣಿಯಿಂದ ತಂಬಾಕಿನ ವಾಸನೆ ಬರುತ್ತಿತ್ತು. ತಾಯಿ ಬೀಡಿ ಕಟ್ಟುತ್ತಾಳೆ ಎಂದು ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಸುಜಾತಾ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಸೀನುತ್ತಿದ್ದಳು, ಎದ್ದು ಹೋಗಲಿಲ್ಲ. ಆದರೆ ಅದರಿಂದ ನನ್ನ ಮನೆಯಲ್ಲಿ ನನ್ನ ಮರ್ಯಾದೆ ವಾಪಸು ಬರಲಿಲ್ಲ. ಹಾಸ್ಟೆಲಿನಿಂದ ಮರಳಿದ ವಾರವೇ ಆಯಿ ನನ್ನ ಶಾಲೆಯ ದಿನಗಳ ಹಳೆಯ ಪಾಟಿ, ಬಳಪ ಹುಡುಕಿ ತಂದು ಎದುರಿಗಿಟ್ಟಿದ್ದಳು.

"ನಂಗ ಕನ್ನಡ ಕಲಸ. ಇನ್ನ ನೀ ಓದಿ ಹೇಳೂದ ನಂಗ ಬ್ಯಾಡ."

ಇದನ್ನು ಕೇಳಿದವರೆಲ್ಲ ಕಣ್ಣು ಒದ್ದೆ ಮಾಡಿಕೊಂಡು ಎಂಥ ತಾಯಿ, ಆ ವಯಸ್ಸಿನಲ್ಲಿ ಅಕ್ಷರ ಕಲಿತಳಲ್ಲ, ಎಂಥ ಮಗಳು, ಕಲಿಸಿದಳಲ್ಲ ಎನ್ನುತ್ತಾರೆ. ಹಾಗೆ ಅಂದವರ ಮೇಲೆ ನನಗೆ ಕೆಂಡದಂಥ ಕೋಪ ಬರುತ್ತದೆ. ದಯವಿಟ್ಟು ಅದನ್ನು ಸಾಧನೆಯ ಕಥೆ ಮಾಡಬೇಡಿ. ಅವಳು ಅಕ್ಷರದ ಆಸೆಗೆ ಕಲಿಯಲಿಲ್ಲ, ಮಗಳ ಮೇಲಿನ ನಂಬಿಕೆ ಹೋಯಿತೆಂದು ಕಲಿತಳು. ಬೀಡಿಯ ಮೊರದ ಅಂಚಿಗೆ ಪಾಟಿ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಒಂದು ಸಲವೂ ನಗದೆ ಕಲಿತಳು. ಇತರ ವಿಷಯಗಳಲ್ಲಿ ಮೊದಲಿನಂತೆಯೇ ಇದ್ದಳು. ಬಡಿಸುತ್ತಿದ್ದಳು, ಬೈಯುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕಾಗದ ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ.

ಮೊದಲ ವರ್ಷ ಪಾಸಾದೆ. ಎರಡನೆಯ ವರ್ಷಕ್ಕೆ ಸೇರಲು ಪಾಲಕರ ಒಪ್ಪಿಗೆಯ ಅರ್ಜಿ ಕೊಟ್ಟಿದ್ದರು, ಒಂದೇ ಪುಟದ್ದು. ಆಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಮೊದಲಿನಿಂದ ಓದತೊಡಗಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನಡುವೆ ಒಂದು ಒತ್ತಕ್ಷರ ಅವಳಿಗೆ ಬಿಡಿಸಲಾಗಲಿಲ್ಲ. ಎರಡು ಸಲ ಪ್ರಯತ್ನಿಸಿದಳು. ನಾನು ಹೇಳಲು ಬಾಯಿ ತೆರೆದೆ. ಅವಳು ಕಾಗದ ಮಡಚಿಕೊಂಡು ಎದ್ದು ಪಕ್ಕದ ಮನೆಗೆ ಹೋಗಿ, ಅಲ್ಲಿಯ ಶಾಲೆಗೆ ಹೋಗುವ ಹುಡುಗನಿಂದ ಓದಿಸಿಕೊಂಡು ಬಂದು, ಆಮೇಲೆ ಸಹಿ ಹಾಕಿದಳು.